ಮೈಯೊಳಗೆ ಹೊಕ್ಕವರು: ಪರಕಾಯ ಪ್ರವೇಶದ ಕಥೆಗಳು ಬಂದ ಹಾದಿ

ಒಬ್ಬರ ಮೈಯೊಳಗೆ ಇನ್ನೊಂದು ಜೀವ ಬಂದು ಸೇರಿಕೊಳ್ಳುವ ಕಥೆ ಭಾರತದಲ್ಲಿ ಉಪನಿಷತ್ತಿನಷ್ಟು ಹಳೆಯದು. ಬೃಹದಾರಣ್ಯಕದ ಮೂರನೆಯ ಅಧ್ಯಾಯದಲ್ಲಿ, ಜನಕನ ಸಭೆಯಲ್ಲಿ ಯಾಜ್ಞವಲ್ಕ್ಯನನ್ನು ಪರೀಕ್ಷಿಸಲು ಎದ್ದ ಭುಜ್ಯು ತನ್ನ ಹಿಂದಿನ ಅನುಭವವೊಂದನ್ನು ಹೇಳುತ್ತಾನೆ. ಮದ್ರ ದೇಶದಲ್ಲಿ ತಿರುಗುತ್ತಿದ್ದಾಗ ಅವನೂ ಅವನ ಸಂಗಡಿಗರೂ ಪತಂಚಲ ಕಾಪ್ಯನ ಮನೆಗೆ ಹೋಗಿದ್ದರು. ಆ ಮನೆಯ ಮಗಳನ್ನು ಗಂಧರ್ವ ಹಿಡಿದಿದ್ದ. ಬಂದವರು ಹೆದರಿ ಓಡಲಿಲ್ಲ, ಮಂತ್ರವಾದಿಯನ್ನು ಕರೆಸಲೂ ಇಲ್ಲ. ನೀನು ಯಾರು ಎಂದು ಕೇಳಿದರು. ತಾನು ಸುಧನ್ವ ಆಂಗಿರಸ ಎಂದು ಒಳಗಿದ್ದವನು ಹೆಸರು ಹೇಳಿದ. ಸರಿ, ಲೋಕಗಳ ಅಂಚು ಎಲ್ಲಿದೆ ಎಂದು ಅವನಿಂದಲೇ ಪಾಠ ಹೇಳಿಸಿಕೊಂಡರು. ಅದೇ ಅಧ್ಯಾಯದಲ್ಲಿ ಮುಂದೆ ಉದ್ದಾಲಕ ಆರುಣಿಯೂ ಇಂಥದ್ದೇ ಸಂಗತಿ ಹೇಳುತ್ತಾನೆ. ಈ ಸಲ ಗಂಧರ್ವ ಸೇರಿಕೊಂಡದ್ದು ಪತಂಚಲನ ಹೆಂಡತಿಯಲ್ಲಿ. ಹೆಸರು ಕಬಂಧ ಆಥರ್ವಣ. ಎಲ್ಲ ಜೀವಿಗಳ ಒಳಗಿದ್ದು ನಡೆಸುವ ಅಂತರ್ಯಾಮಿ ಯಾರು ಗೊತ್ತೇ ಎಂದು ಅವನು ಮನೆಯ ಯಜಮಾನನನ್ನೂ ಅಲ್ಲಿ ಓದುತ್ತಿದ್ದವರನ್ನೂ ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಅಂತರ್ಯಾಮಿಯ ಬಗೆಗಿನ ಪ್ರಸಿದ್ಧ ಉಪದೇಶ ಹೊರಟದ್ದು ಈ ಪ್ರಶ್ನೆಯಿಂದ. ಮೈಯ ಒಡತಿಗೆ ಅರಿವಿಲ್ಲದೆ ಒಳಗೆ ಕೂತವನ ಬಾಯಿಂದಲೇ, ಮೈಗೆ ಅರಿವಿಲ್ಲದೆ ಒಳಗಿರುವವನ ವಿಚಾರ ಹೊರಡಿಸಿದ ಆ ಋಷಿಯ ಕಲ್ಪನೆ ಬಹಳ ದೊಡ್ಡದು.

ಗಂಧರ್ವರೇ ಏಕೆ ಎಂಬುದಕ್ಕೆ ಇನ್ನೂ ಹಿಂದಕ್ಕೆ ಹೋಗಬೇಕು. ಋಗ್ವೇದದ ಹತ್ತನೆಯ ಮಂಡಲದ ವಿವಾಹ ಸೂಕ್ತದ ಪ್ರಕಾರ ವಧು ಮೊದಲು ಸೋಮನಿಗೆ, ಆಮೇಲೆ ಗಂಧರ್ವನಿಗೆ, ಅನಂತರ ಅಗ್ನಿಗೆ ಸೇರಿದವಳು. ಮನುಷ್ಯ ಗಂಡ ನಾಲ್ಕನೆಯವನು. ವಿಶ್ವಾವಸು ಎಂಬ ಗಂಧರ್ವನಿಗೆ ನಮಸ್ಕಾರ ಹೇಳಿ, ಇವಳಿಗೆ ಗಂಡನಿದ್ದಾನೆ, ನೀನು ಬೇರೆ ಕನ್ಯೆಯನ್ನು ಹುಡುಕಿಕೋ ಎಂದು ಬೀಳ್ಕೊಡುವ ಮಂತ್ರಗಳು ಅದರಲ್ಲಿವೆ. ಇದು ಬರೀ ಕವಿತೆಯಾಗಿ ಉಳಿಯದೆ ಮದುವೆಯ ಆಚರಣೆಯನ್ನೂ ಹೊಕ್ಕಿತು. ಆಪಸ್ತಂಬ ಗೃಹ್ಯಸೂತ್ರ ಹೇಳುವಂತೆ ಮದುವೆಯಾದ ಮೂರು ರಾತ್ರಿ ದಂಪತಿಗಳು ನೆಲದ ಮೇಲೆ ಮಲಗಬೇಕು, ಉಪ್ಪು ಖಾರ ಬಿಡಬೇಕು, ಬ್ರಹ್ಮಚರ್ಯದಲ್ಲಿರಬೇಕು. ಇಬ್ಬರ ನಡುವೆ ಗಂಧ ಬಳಿದು, ಬಟ್ಟೆಯನ್ನೋ ನೂಲನ್ನೋ ಸುತ್ತಿದ ಒಂದು ಕೋಲು ಇರಬೇಕು. ಆ ಕೋಲು ವಿಶ್ವಾವಸು ಎಂದು ವ್ಯಾಖ್ಯಾನಕಾರರು ತಿಳಿಯುತ್ತಾರೆ. ನಾಲ್ಕನೆಯ ರಾತ್ರಿ ಮಂತ್ರ ಹೇಳಿ ಅದನ್ನು ಎತ್ತಿ, ತೊಳೆದು, ಬದಿಗಿಡುತ್ತಾರೆ. ಹೊಸ ಹೆಂಡತಿಯ ಹಳೆಯ ಒಡೆಯನನ್ನು ಬೈದು ಹೊಡೆದು ಅಟ್ಟದೆ, ಮೂರು ರಾತ್ರಿ ಜೊತೆಯಲ್ಲೇ ಮಲಗಿಸಿಕೊಂಡು, ಮರ್ಯಾದೆಯಿಂದ ಕಳಿಸಿಕೊಡುವ ಈ ಪದ್ಧತಿಯಲ್ಲಿ ತಿಳಿನಗೆಯಿದೆ, ಹೆಣ್ಣಿನ ಮನಸ್ಸಿಗೆ ಕಾಲಾವಕಾಶ ಕೊಡುವ ಸೂಕ್ಷ್ಮವೂ ಇದೆ.

ವೈದ್ಯರು ಇದೇ ವಿಷಯವನ್ನು ತಮ್ಮ ರೀತಿಯಲ್ಲಿ ವಿಂಗಡಿಸಿದರು. ಆಯುರ್ವೇದದ ಎಂಟು ಅಂಗಗಳಲ್ಲಿ ಭೂತವಿದ್ಯೆ ಒಂದು. ಸುಶ್ರುತ ಸಂಹಿತೆಯ ಉತ್ತರತಂತ್ರ ಎಂಟು ಬಗೆಯ ಗ್ರಹಗಳನ್ನು ಹೇಳಿ, ಯಾವುದು ಹಿಡಿದರೆ ರೋಗಿ ಹೇಗೆ ನಡೆದುಕೊಳ್ಳುತ್ತಾನೆ ಎಂದು ವಿವರಿಸುತ್ತದೆ. ಗಂಧರ್ವ ಹಿಡಿದವನು ಹೊಳೆಯ ದಂಡೆ, ತೋಪುಗಳಲ್ಲಿ ಸುತ್ತುತ್ತಾನೆ. ಹಾಡು, ಹೂಮಾಲೆ, ಸುಗಂಧ ಎಂದರೆ ಅವನಿಗೆ ಇಷ್ಟ. ಕುಣಿಯುತ್ತ ಮೆಲ್ಲಗೆ ನಗುತ್ತಾನೆ. ಕನ್ನಡಿಯೊಳಗೆ ಬಿಂಬ ಸೇರುವಂತೆ, ಸ್ಫಟಿಕದೊಳಗೆ ಬಿಸಿಲು ಹೊಗುವಂತೆ ಗ್ರಹಗಳು ಕಣ್ಣಿಗೆ ಕಾಣದೆ ಒಳಗೆ ಬರುತ್ತವೆ. ದೇವತೆಗಳು ಖುದ್ದಾಗಿ ಮನುಷ್ಯರ ಮೈ ಹೊಗುವುದಿಲ್ಲ, ಹೊಗುವವರು ಅವರ ಪರಿಚಾರಕರು ಎಂಬ ಎಚ್ಚರಿಕೆಯ ಮಾತೂ ಅಲ್ಲೇ ಇದೆ. ಉಪನಿಷತ್ತಿನಲ್ಲಿ ಹೆಸರು ಕೇಳಿ ತಿಳಿದದ್ದನ್ನು ವೈದ್ಯ ಇಲ್ಲಿ ರೋಗಿಯ ಮಾತು ನಡತೆಗಳಿಂದ ತಿಳಿಯುತ್ತಾನೆ. ಎರಡು ಕಡೆಯೂ ಮೈಯ ಸಾಕ್ಷಿ ಸಾಲದು.

ಮೇಲಿನವರೆಲ್ಲ ಕೇಳದೆ ಬಂದು ಹಿಡಿಯುವವರು. ಯೋಗಶಾಸ್ತ್ರ ಬೆಳೆದಂತೆ, ತಾನೇ ಇಷ್ಟಪಟ್ಟು ಇನ್ನೊಬ್ಬರ ದೇಹ ಹೊಗುವ ಮನುಷ್ಯರ ಕಥೆಗಳು ಹುಟ್ಟಿದವು. ಪತಂಜಲಿಯ ಯೋಗಸೂತ್ರದ ಮೂರನೆಯ ಪಾದದಲ್ಲಿ ಇದು ಒಂದು ಸಿದ್ಧಿ. ಚಿತ್ತವನ್ನು ದೇಹಕ್ಕೆ ಕಟ್ಟಿಹಾಕಿದ ಗಂಟು ಸಡಿಲವಾದರೆ, ಚಿತ್ತ ಓಡಾಡುವ ದಾರಿ ತಿಳಿದರೆ ಪರಕಾಯ ಪ್ರವೇಶ ಸಾಧ್ಯ. ರಾಣಿಜೇನು ಹೋದಲ್ಲಿಗೆ ಉಳಿದ ಜೇನುಗಳು ಹೋಗುವಂತೆ ಇಂದ್ರಿಯಗಳು ಚಿತ್ತದ ಹಿಂದೆ ಹೋಗುತ್ತವೆ ಎಂದು ಭಾಷ್ಯಕಾರರು ಬಿಡಿಸಿ ಹೇಳಿದರು.

ಈ ಸಿದ್ಧಿಯನ್ನು ಕಥೆಗಾರರು ಬಳಸಿಕೊಂಡ ಬಗೆಗೆ ಮಹಾಭಾರತವೇ ದೊಡ್ಡ ಕಣಜ. ಅನುಶಾಸನ ಪರ್ವದಲ್ಲಿ ದೇವಶರ್ಮನೆಂಬ ಋಷಿ ಯಜ್ಞಕ್ಕೆ ಹೋಗುವಾಗ, ಹೆಂಡತಿ ರುಚಿಯನ್ನು ಇಂದ್ರನಿಂದ ಕಾಪಾಡುವ ಹೊಣೆಯನ್ನು ಶಿಷ್ಯ ವಿಪುಲನಿಗೆ ಒಪ್ಪಿಸುತ್ತಾನೆ. ಇಂದ್ರ ಯಾವ ವೇಷದಲ್ಲಿ ಬೇಕಾದರೂ ಬರಬಲ್ಲ, ಗಾಳಿಯಾಗಿಯೂ ನುಸುಳಬಲ್ಲ. ಬಾಗಿಲು ಕಾದರೆ ಪ್ರಯೋಜನವಿಲ್ಲವೆಂದು ಕಂಡ ವಿಪುಲ ಗುರುಪತ್ನಿಯ ಮೈಯೊಳಗೇ ಹೊಕ್ಕು ಕೂರುತ್ತಾನೆ. ಇಂದ್ರ ಚೆಲುವನಾಗಿ ಬರುತ್ತಾನೆ. ರುಚಿಗೆ ಎದ್ದು ಸ್ವಾಗತಿಸುವ ಮನಸ್ಸು, ಆದರೆ ಕಾಲು ಏಳುವುದಿಲ್ಲ. ಸವಿಯಾಗಿ ಮಾತನಾಡಲು ಬಾಯಿ ತೆರೆದರೆ, ಬಂದ ಕೆಲಸವೇನು ಎಂಬ ಒರಟು ಪ್ರಶ್ನೆ ಶುದ್ಧ ಸಂಸ್ಕೃತದಲ್ಲಿ ಹೊರಬೀಳುತ್ತದೆ. ತನ್ನ ಬಾಯಿಂದ ಬಂದ ಮಾತಿಗೆ ಅವಳೇ ನಾಚುತ್ತಾಳೆ. ಇಂದ್ರ ದಿವ್ಯದೃಷ್ಟಿಯಿಂದ ನೋಡಿದಾಗ ಕನ್ನಡಿಯೊಳಗಿನ ಬಿಂಬದಂತೆ ಒಳಗೆ ವಿಪುಲ ಕಾಣುತ್ತಾನೆ. ಪ್ರಸಂಗ ನಗು ತರಿಸಿದರೂ ವ್ಯಾಸರು ಅದನ್ನು ಅಲ್ಲಿಗೇ ಬಿಡುವುದಿಲ್ಲ. ಗುರುವಿಗೆ ನಡೆದದ್ದನ್ನೆಲ್ಲ ಹೇಳಿದ ವಿಪುಲ, ತಾನು ಅವಳ ಮೈ ಹೊಕ್ಕಿದ್ದನ್ನು ಮಾತ್ರ ಮುಚ್ಚಿಟ್ಟಿದ್ದ. ಆ ಮುಚ್ಚುಮರೆ ಮುಂದೆ ಅವನನ್ನು ದಾರಿಯುದ್ದಕ್ಕೂ ಕಾಡುತ್ತದೆ. ಒಪ್ಪಿಗೆಯಿಲ್ಲದೆ ಒಬ್ಬರ ಮೈಯಲ್ಲಿ ಇರುವುದು, ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ, ಹೇಳಿಕೊಳ್ಳಬೇಕಾದ ಸಂಗತಿ ಎಂಬ ಈ ನೈತಿಕ ಎಚ್ಚರ ಇಂದಿಗೂ ಹೊಸದಾಗಿದೆ.

ಶಾಂತಿಪರ್ವದ ಸುಲಭೆಯ ಕಥೆಯಲ್ಲಿ ಹೊಗುವವಳು ಹೆಣ್ಣು. ಜನಕರಾಜ ಮುಕ್ತನಂತೆ ಎಂಬ ಸುದ್ದಿ ಕೇಳಿ ಪರೀಕ್ಷಿಸಲು ಬಂದ ಈ ಭಿಕ್ಷುಕಿ ಯೋಗಬಲದಿಂದ ಅವನೊಳಗೆ ಸೇರುತ್ತಾಳೆ. ಒಂದೇ ದೇಹದಲ್ಲಿ ಕೂತು ಇಬ್ಬರೂ ವಾದಕ್ಕಿಳಿಯುತ್ತಾರೆ. ನೀನು ಯಾರವಳು, ಯಾವ ಜಾತಿ, ಯಾರ ಅಪ್ಪಣೆಯಿಂದ ನನ್ನೊಳಗೆ ಬಂದೆ, ಇದು ವರ್ಣಸಂಕರವಲ್ಲವೇ ಎಂದು ಜನಕ ರೇಗುತ್ತಾನೆ. ಸುಲಭೆ ಸಮಾಧಾನದಿಂದ ಉತ್ತರಿಸುತ್ತಾಳೆ. ನಾನು ನೀನು ಎಂಬ ಭೇದ ಅಳಿದವನು ಮುಕ್ತ. ಅಂಥವನು ಯಾರವಳು ಎಂದು ಕೇಳುವುದುಂಟೇ? ತಾವರೆಯ ಎಲೆಯ ಮೇಲಿನ ನೀರಿನಂತೆ ಯಾವುದನ್ನೂ ಮುಟ್ಟದೆ ಒಳಗಿದ್ದೇನೆ. ಸಂನ್ಯಾಸಿ ಪಾಳುಮನೆಯಲ್ಲಿ ಒಂದು ರಾತ್ರಿ ತಂಗುವಂತೆ ಇವತ್ತು ತಂಗಿ ನಾಳೆ ಹೊರಡುತ್ತೇನೆ. ಜನಕನ ಬಳಿ ಮಾತು ಉಳಿಯುವುದಿಲ್ಲ. ರಾಜನ ದೇಹವನ್ನು ಪಾಳುಮನೆ ಎನ್ನುವ ಧೈರ್ಯ, ಅದನ್ನು ತರ್ಕದಿಂದ ಸಾಧಿಸಿ ತೋರಿಸುವ ಶಕ್ತಿ ಇರುವ ಹೆಣ್ಣು ಪಾತ್ರ ಮಹಾಭಾರತದಲ್ಲೂ ಅಪರೂಪ.

ಒಳಗೆ ಸೇರಿದ್ದು ನಿಜವಾಗಿಯೂ ಕೆಡುಕಿನ ಶಕ್ತಿಯಾದರೆ ಪ್ರೀತಿ ಏನಾಗುತ್ತದೆ ಎಂಬ ಪ್ರಶ್ನೆಗೆ ವನಪರ್ವದ ನಳೋಪಾಖ್ಯಾನ ಉತ್ತರ. ದಮಯಂತಿ ದೇವತೆಗಳನ್ನು ಬಿಟ್ಟು ನಳನನ್ನು ವರಿಸಿದ್ದಕ್ಕೆ ಕಲಿಗೆ ಸಿಟ್ಟು. ನಳನಲ್ಲಿ ತಪ್ಪು ಹುಡುಕುತ್ತ ಅವನು 12 ವರ್ಷ ಕಾಯುತ್ತಾನೆ. ಒಂದು ದಿನ ಮೂತ್ರ ವಿಸರ್ಜಿಸಿದ ನಳ ಕಾಲು ತೊಳೆಯದೆ ಸಂಧ್ಯಾವಂದನೆಗೆ ಕೂತಾಗ ಕಲಿ ಒಳಹೊಗುತ್ತಾನೆ. ಜೂಜು, ರಾಜ್ಯನಾಶ, ಕಾಡಿನಲ್ಲಿ ಮಲಗಿದ ಹೆಂಡತಿಯನ್ನು ಬಿಟ್ಟುಹೋಗುವುದು, ಎಲ್ಲವೂ ಎರಡು ಮನಸ್ಸಿನ ಎಳೆದಾಟದಲ್ಲೇ ನಡೆಯುತ್ತವೆ. ನಳ ಹೋಗುತ್ತಾನೆ, ತಿರುಗಿ ಬರುತ್ತಾನೆ, ಮತ್ತೆ ಹೋಗುತ್ತಾನೆ. ಆಮೇಲೆ ಕಾರ್ಕೋಟಕ ಸರ್ಪ ಕಚ್ಚಿದಾಗ ರೂಪ ಕೆಡುವುದು ನಳನದು, ವಿಷದಿಂದ ಬೇಯುವುದು ಒಳಗಿರುವ ಕಲಿ. ಇತ್ತ ದಮಯಂತಿಯ ಶಾಪವೂ ಅವನನ್ನೇ ಸುಡುತ್ತದೆ. ಬಾಹುಕನೆಂಬ ಹೆಸರಿನಲ್ಲಿ ನಳ ಅಯೋಧ್ಯೆಯ ಋತುಪರ್ಣನ ಸಾರಥಿಯಾಗಿದ್ದಾಗ, ತಾರೆಮರದ ಕೆಳಗೆ ರಾಜನಿಂದ ಜೂಜಿನ ವಿದ್ಯೆ ಕಲಿತ ಕ್ಷಣದಲ್ಲಿ ಕಲಿ ವಿಷ ಕಾರುತ್ತ ಹೊರಬಂದು, ಕ್ಷಮೆ ಬೇಡಿ, ಆ ಮರವನ್ನು ಸೇರುತ್ತಾನೆ. ಹಳೆಯ ಕಾಲದಲ್ಲಿ ಜೂಜಿನ ದಾಳಗಳಾಗಿ ಬಳಸುತ್ತಿದ್ದದ್ದು ಇದೇ ತಾರೆಕಾಯಿಗಳನ್ನು.

ಆದರೂ ರೂಪ ಇನ್ನೂ ಕುರೂಪಿಯದೇ. ದಮಯಂತಿ ಗಂಡನನ್ನು ಗುರುತಿಸುವ ಬಗೆ ಈ ಕಥೆಯ ಅತಿ ಸುಂದರ ಭಾಗ. ದಾಸಿ ಕೇಶಿನಿಯನ್ನು ಕಳಿಸಿ ಬಾಹುಕನ ಚಲನವಲನ ನೋಡಿಸುತ್ತಾಳೆ. ತಗ್ಗು ಬಾಗಿಲಿಗೆ ಅವನು ತಲೆ ಬಾಗಿಸುವುದಿಲ್ಲ, ಬಾಗಿಲೇ ಎತ್ತರವಾಗುತ್ತದೆ. ಅವನು ನೋಡಿದರೆ ಸಾಕು, ಬರಿದಾದ ಕೊಡಗಳು ತುಂಬುತ್ತವೆ. ಅವನ ಕೈಯಲ್ಲಿ ಹಿಸುಕಿದ ಹೂ ಬಾಡದೆ ಅರಳುತ್ತದೆ. ದಮಯಂತಿಗೆ ಇಷ್ಟು ಸಾಲದು. ಅವನು ಬೇಯಿಸಿದ ಮಾಂಸದ ಒಂದು ತುಂಡನ್ನು ತರಿಸಿ ಬಾಯಿಗಿಟ್ಟುಕೊಂಡು ರುಚಿ ನೋಡುತ್ತಾಳೆ. ಅದು ನಳನ ಅಡುಗೆ. ಮುಖ ಸುಳ್ಳು ಹೇಳಿತು, ಕೈರುಚಿ ಹೇಳಲಿಲ್ಲ. ಈ ಕಥೆ ಕನ್ನಡದಲ್ಲಿ ಚೌಂಡರಸನ ಚಂಪುವಾಗಿ, ಕನಕದಾಸರ ಭಾಮಿನಿ ಷಟ್ಪದಿಯ ನಳಚರಿತ್ರೆಯಾಗಿ, ಯಕ್ಷಗಾನದ ಪ್ರಸಂಗವಾಗಿ ಮತ್ತೆ ಮತ್ತೆ ಬಂದಿದೆ. ನಳಪಾಕ ಎಂಬ ಮಾತು ಮನೆಮನೆಯಲ್ಲಿ ಉಳಿದಿದೆ.

ಅಪ್ಪಟ ನಗೆಗಾಗಿಯೇ ಈ ವಸ್ತುವನ್ನು ಬಳಸಿ ಅದನ್ನು ಶಿಖರಕ್ಕೇರಿಸಿದ ಕೃತಿ ‘ಭಗವದಜ್ಜುಕ’ ಎಂಬ ಸಂಸ್ಕೃತ ಪ್ರಹಸನ. ಇದರ ಕರ್ತೃ ಬೋಧಾಯನ ಎಂದು ಒಂದು ಪಕ್ಷ, ‘ಮತ್ತವಿಲಾಸ’ ಬರೆದ ಪಲ್ಲವ ದೊರೆ ಮಹೇಂದ್ರವರ್ಮ ಎಂದು ಇನ್ನೊಂದು ಪಕ್ಷ. ಮಾಮಂಡೂರಿನ ಗುಹಾಶಾಸನದಲ್ಲಿ ಎರಡೂ ಪ್ರಹಸನಗಳ ಹೆಸರು ಒಟ್ಟಿಗೆ ಕಾಣುವುದು ಎರಡನೆಯ ಪಕ್ಷಕ್ಕೆ ಆಧಾರ. ಹಾಗಿದ್ದರೆ ಇದು 7ನೆಯ ಶತಮಾನದ ಆರಂಭದ ಕೃತಿ. ಬಾದಾಮಿಯ ಇಮ್ಮಡಿ ಪುಲಕೇಶಿಯ ಸೇನೆಗೆ ಅಂಜಿ ಪಲ್ಲವರ ದೊರೆ ಕಂಚಿಯ ಕೋಟೆಯೊಳಗೆ ಅಡಗಿದನೆಂದು 634ರ ಐಹೊಳೆ ಶಾಸನ ಹೇಳುತ್ತದೆ. ಆ ಕಾಲದ ಕಂಚಿಯಲ್ಲಿ ಯುದ್ಧದ ನಡುವೆಯೂ ಇಂಥ ನಗು ಅರಳಿತ್ತು.

ನಾಟಕದ ಪರಿವ್ರಾಜಕ ಯೋಗಿ, ವಿದ್ವಾಂಸ. ಅವನ ಶಿಷ್ಯ ಶಾಂಡಿಲ್ಯನಿಗೆ ಹೊಟ್ಟೆಯೇ ದೊಡ್ಡ ಶಾಸ್ತ್ರ. ಬೆಳಗಿನ ಊಟ ಸಿಗುವುದೆಂದು ಬೌದ್ಧರನ್ನು ಸೇರಿ, ಅವರು ದಿನಕ್ಕೆ ಒಂದೇ ಊಟ ಮಾಡುತ್ತಾರೆಂದು ತಿಳಿದು ಬಿಟ್ಟುಬಂದವನು ಅವನು. ಇಬ್ಬರೂ ತೋಟವೊಂದರಲ್ಲಿ ಕೂತಿರುವಾಗ ವಸಂತಸೇನೆಯೆಂಬ ಗಣಿಕೆ ತನ್ನ ಪ್ರಿಯ ರಾಮಿಲಕನಿಗಾಗಿ ಕಾಯುತ್ತ ಅಲ್ಲಿಗೆ ಬರುತ್ತಾಳೆ. ಯಮನ ದೂತ ಹಾವಾಗಿ ಅವಳನ್ನು ಕಚ್ಚಿ ಪ್ರಾಣ ಒಯ್ಯುತ್ತಾನೆ. ಶಿಷ್ಯ ಅವಳ ಪಾದ ಹಿಡಿದು ಗೋಳಾಡುವುದನ್ನು ಕಂಡ ಗುರು, ಯೋಗದ ಮಹಿಮೆಯನ್ನು ಕಣ್ಣಾರೆ ತೋರಿಸಿಯೇ ಬಿಡೋಣವೆಂದು ತನ್ನ ದೇಹವನ್ನು ಅಲ್ಲೇ ಬಿಟ್ಟು ಗಣಿಕೆಯ ಶವವನ್ನು ಹೊಗುತ್ತಾನೆ.

ಅಲ್ಲಿಂದ ಮುಂದೆ ವಸಂತಸೇನೆ ವೇದಾಂತ ಮಾತನಾಡುತ್ತಾಳೆ. ಓಡಿಬಂದ ತಾಯಿಯನ್ನೂ, ಅಪ್ಪಿಕೊಳ್ಳಲು ಬಂದ ರಾಮಿಲಕನನ್ನೂ ಸಂನ್ಯಾಸಿಯ ಗತ್ತಿನಲ್ಲಿ ದೂರವಿಡುತ್ತಾಳೆ. ವಿಷ ತಲೆಗೇರಿದೆಯೆಂದು ಕರೆಸಿದ ವೈದ್ಯನನ್ನೇ ಪ್ರಶ್ನಿಸಿ, ತಡವರಿಸಿದಾಗ ಅವನ ಶಬ್ದದೋಷ ಎತ್ತಿ ತೋರಿಸುತ್ತಾಳೆ. ಅಷ್ಟರಲ್ಲಿ ಯಮಲೋಕದಲ್ಲಿ ಲೆಕ್ಕ ತಪ್ಪಿರುವುದು ಬೆಳಕಿಗೆ ಬಂದಿದೆ. ತರಬೇಕಿದ್ದದ್ದು ಅದೇ ಹೆಸರಿನ ಬೇರೆ ವಸಂತಸೇನೆಯ ಪ್ರಾಣವನ್ನು. ಜೀವವನ್ನು ಮರಳಿಸಲು ಬಂದ ದೂತ ನೋಡಿದರೆ, ಅವಳ ದೇಹದಲ್ಲಿ ಬೇರೊಬ್ಬ ಬಿಡಾರ ಹೂಡಿದ್ದಾನೆ. ಅವನು ಮಾಡುವುದು ಒಂದೇ ಕೆಲಸ: ಗಣಿಕೆಯ ಪ್ರಾಣವನ್ನು ಸದ್ಯಕ್ಕೆ ಸಂನ್ಯಾಸಿಯ ಖಾಲಿ ದೇಹದಲ್ಲಿ ಇಟ್ಟುಬಿಡುವುದು. ಗಡ್ಡ ಕಾವಿಗಳ ಗುರು ಎದ್ದು ಕೂತು ರಾಮಿಲಕನನ್ನು ಪ್ರೀತಿಯಿಂದ ಕರೆಯುತ್ತಾನೆ. ಶಾಂಡಿಲ್ಯನಿಗೆ ಈಗ ಗುರುವೂ ಗುರುವಲ್ಲ, ಗಣಿಕೆಯೂ ಗಣಿಕೆಯಲ್ಲ. ಕೊನೆಗೆ ದೂತ ಯೋಗಿಯನ್ನು ಬೇಡಿಕೊಂಡು ಎರಡು ಜೀವಗಳನ್ನೂ ಅವರವರ ಮನೆಗೆ ಸೇರಿಸುತ್ತಾನೆ. ಈ ನಾಟಕದಲ್ಲಿ ಯಾರನ್ನೂ ಹೀನಾಯಮಾಡಿಲ್ಲ. ಯೋಗಿಯ ವಿದ್ಯೆ ನಿಜ, ಗಣಿಕೆಯ ಒಲವೂ ನಿಜ. ನಗು ಹುಟ್ಟುವುದು ಎರಡೂ ತಪ್ಪು ಮೈಯಲ್ಲಿ ಕೂತದ್ದರಿಂದ ಮಾತ್ರ.

ಕೇರಳದ ಕೂಡಿಯಾಟ್ಟಂ ಈ ಪ್ರಹಸನವನ್ನು ಉಳಿಸಿಕೊಂಡಿತು. ಕೂತ್ತಂಬಲಗಳೆಂಬ ದೇವಾಲಯದ ರಂಗಮಂದಿರಗಳಲ್ಲಿ ಚಾಕ್ಯಾರರೂ ನಂಙ್ಯಾರರೂ ಆಡುವ ಈ ರಂಗಪರಂಪರೆಯಲ್ಲಿ ಅಭಿನಯ ವಿಧಾನವನ್ನು ವಿವರಿಸುವ ಆಟ್ಟಪ್ರಕಾರಗಳನ್ನು ತಾಳೆಗರಿಗಳಲ್ಲಿ ಬರೆದಿಟ್ಟಿದ್ದರು. ಬಹುಕಾಲ ನಿಂತುಹೋಗಿದ್ದ ‘ಭಗವದಜ್ಜುಕ’ವನ್ನು 1970ರ ದಶಕದಲ್ಲಿ ಕೇರಳ ಕಲಾಮಂಡಲದಲ್ಲಿ ಪೈಂಕುಳಂ ರಾಮ ಚಾಕ್ಯಾರ್ ಮತ್ತೆ ರಂಗಕ್ಕೆ ತಂದರು. ಯುನೆಸ್ಕೊ 2001ರಲ್ಲಿ ಕೂಡಿಯಾಟ್ಟಂಗೆ ಮಾನವಕುಲದ ಅಮೂರ್ತ ಪರಂಪರೆಯ ಮನ್ನಣೆ ಕೊಟ್ಟಿತು.

ಖಾಲಿಬಿಟ್ಟ ದೇಹದ ಗತಿ ಏನು ಎಂಬ ಆತಂಕ ಮುಂದಿನ ಕಥೆಗಳ ತಿರುಳಾಯಿತು. ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ, ಗುರುದಕ್ಷಿಣೆಯ ಹಣಕ್ಕಾಗಿ ಇಂದ್ರದತ್ತ ಸತ್ತ ನಂದರಾಜನ ದೇಹ ಹೊಗುತ್ತಾನೆ. ಮಂತ್ರಿ ಶಕಟಾಲ ಅನುಮಾನಪಟ್ಟು ಊರಿನ ಹೆಣಗಳನ್ನೆಲ್ಲ ಸುಡಿಸಿಬಿಡುತ್ತಾನೆ; ಇಂದ್ರದತ್ತ ರಾಜನಾಗಿಯೇ ಉಳಿದು ತನ್ನ ಕಳೆದುಹೋದ ದೇಹಕ್ಕಾಗಿ ಅಳುತ್ತಾನೆ. ಇದೇ ಅಪಾಯ ಮಾಧವೀಯ ಶಂಕರವಿಜಯದಲ್ಲಿಯೂ ಬರುತ್ತದೆ. ವಾದದಲ್ಲಿ ಮಂಡನಮಿಶ್ರನ ಹೆಂಡತಿ ಉಭಯಭಾರತಿ ಕಾಮಶಾಸ್ತ್ರದ ಪ್ರಶ್ನೆ ಕೇಳಿದಾಗ ಶಂಕರರು ಕಾಲಾವಕಾಶ ಪಡೆದು, ಆಗಷ್ಟೇ ಸತ್ತ ಅಮರುಕರಾಜನ ದೇಹವನ್ನು ಹೊಗುತ್ತಾರೆ. ರಾಜ್ಯ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ನಡೆಯತೊಡಗಿದ್ದರಿಂದಲೇ ಮಂತ್ರಿಗಳಿಗೆ ಸಂಶಯ! ಗವಿಯಲ್ಲಿಟ್ಟ ದೇಹಕ್ಕೆ ಕಿಚ್ಚು ಬೀಳುವಷ್ಟರಲ್ಲಿ ಶಿಷ್ಯರು ಗಾಯಕರಾಗಿ ಅರಮನೆಗೆ ಬಂದು ಹಾಡಿನಿಂದ ಗುರುವಿಗೆ ಎಚ್ಚರ ಕೊಡುತ್ತಾರೆ. ಶೃಂಗಾರ ಪದ್ಯಗಳ ‘ಅಮರುಶತಕ’ವನ್ನು ಶಂಕರರದೇ ಎಂದು ಹೇಳುವ ಪ್ರತೀತಿ ಬೆಳೆದದ್ದು ಈ ಕಥೆಯಿಂದ. ವಾದದಲ್ಲಿ ಎದುರಾಳಿಯಾಗಿದ್ದ ಉಭಯಭಾರತಿಯನ್ನೇ ಶೃಂಗೇರಿಯ ಶಾರದೆಯೆಂದು ಪರಂಪರೆ ಪೂಜಿಸುತ್ತದೆ.

ತುಳುನಾಡಿನ ಸಿರಿ ಜಾತ್ರೆಯಲ್ಲಿ ಇಂಥದ್ದು ಕಥೆಯಾಗಿ ಉಳಿಯದೆ ಆಚರಣೆಯಾಗಿ ಜೀವಂತವಾಗಿದೆ. ತುಳು ಪಾಡ್ದನದ, ಅಂದರೆ ಹಾಡುಗಥೆಯ, ಹೆಣ್ಣುಗಳಾದ ಸಿರಿ, ಸೊನ್ನೆ, ಗಿಂಡೆ, ಅಬ್ಬಗ, ದಾರಗರು ಹೆಂಗಸರ ಮೈಮೇಲೆ ಬರುತ್ತಾರೆ. ಅದೇ ಕಥೆಯ ಕುಮಾರನ ದರ್ಶನ ಬಂದ ಗಂಡಸು ಹೊಸದಾಗಿ ಮೈದುಂಬಿದವಳನ್ನು ಮಾತನಾಡಿಸಿ, ನೀನು ಯಾರೆಂದು ಹೇಳಿಸುತ್ತಾನೆ. ಮದ್ರ ದೇಶದ ಆ ಮನೆಯಲ್ಲಿ ಕೇಳಿದ್ದೂ ಇದೇ ಪ್ರಶ್ನೆ. ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಅದರಲ್ಲಿ 15,683 ಸಾಲುಗಳಿವೆ. ಮದುವೆಯಲ್ಲಿ ನೊಂದ ಹೆಣ್ಣಿನ ಈ ಕಥೆ, ಮನೆಯಲ್ಲಿ ಬಾಯಿ ಬಿಡಲಾಗದ ಹೆಂಗಸರಿಗೆ ವರ್ಷಕ್ಕೊಮ್ಮೆ ದನಿ ಕೊಡುತ್ತದೆ.

ಕನ್ನಡ ಸಿನಿಮಾ ಈ ವಸ್ತುವನ್ನು ಎರಡು ಬಾರಿ ಗಟ್ಟಿಯಾಗಿ ಹಿಡಿಯಿತು. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಅನಂತನಾಗ್ ಅವರ ಪಾತ್ರವನ್ನು ಹೆಣ್ಣು ದೆವ್ವ ಹಿಡಿಯುತ್ತದೆ, ಗಂಡಸಿನ ಮೈಯಲ್ಲಿ ಹೆಣ್ಣಿನ ಹಟವನ್ನು ತೋರಿಸುವ ಸವಾಲನ್ನು ಅವರು ಗೆದ್ದರು. 2004ರ ‘ಆಪ್ತಮಿತ್ರ’ ಮಲಯಾಳಂನ ‘ಮಣಿಚಿತ್ರತಾಳ್’ (1993) ಚಿತ್ರದಿಂದ ಬಂದದ್ದು. ಸೌಂದರ್ಯ ನಿರ್ವಹಿಸಿದ ಗಂಗಾಳ ಮೈಯಲ್ಲಿ, ಅರಸನಿಂದ ಹತಳಾದ ನರ್ತಕಿ ನಾಗವಲ್ಲಿ ಮಾತನಾಡುತ್ತಾಳೆ. ವಿಷ್ಣುವರ್ಧನ್ ಮಾಡಿದ ಪಾತ್ರ ಮನೋವೈದ್ಯನದು. ಅವನ ಪ್ರಕಾರ ಇದು ದೆವ್ವವಲ್ಲ, ಒಡೆದ ಮನಸ್ಸು. ಆದರೂ ಪ್ರೇಕ್ಷಕರಿಗೆ ನಾಗವಲ್ಲಿಯ ಗುರುತು ಸಿಗುವುದು ಹಳೆಯ ದಾರಿಯಲ್ಲೇ. ಗಂಗಾ ಕನ್ನಡದವಳು, ನಾಗವಲ್ಲಿ ಬಾಯಿ ತೆರೆದರೆ ತೆಲುಗು. ಮೂಲ ಮಲಯಾಳಂ ಚಿತ್ರದಲ್ಲಿ ಅವಳ ಮಾತು ತಮಿಳು.

ಇಷ್ಟೆಲ್ಲ ಕಥೆಗಳಲ್ಲಿ ರಂಗಕ್ಕೆ ಹೇಳಿಮಾಡಿಸಿದ್ದು ‘ಭಗವದಜ್ಜುಕ’ವೇ. ಒಂದೇ ಅಂಕ, ಒಂದೇ ತೋಟ, ಬೆರಳೆಣಿಕೆಯ ಪಾತ್ರಗಳು; ಬೆಳಕಿನ ಚಮತ್ಕಾರ ಬೇಕಿಲ್ಲ, ಪರಸ್ಪರರ ದನಿಯನ್ನೂ ನಡಿಗೆಯನ್ನೂ ಕಲಿತ ಇಬ್ಬರು ನಟರಿದ್ದರೆ ಸಾಕು. ಕನ್ನಡದ ಹವ್ಯಾಸಿ ತಂಡಗಳೂ ಕಾಲೇಜು ರಂಗಗಳೂ ಇದನ್ನು ಮತ್ತೆ ಮತ್ತೆ ಆಡಬೇಕು.